ಮೊದಲು ಸೋರುವ ಸೂರು, ಆಮೇಲೆ ಬಣ್ಣ: ಹಳೇ ಪೇಟೆಗೆ ಮತ್ತೆ ಜೀವ ಬರುವುದು ಹೇಗೆ?

ಬೆಳಗ್ಗೆ ಏಳು ಗಂಟೆ ಹೊತ್ತಿಗೆ ಮೈಸೂರಿನ ದೇವರಾಜ ಮಾರುಕಟ್ಟೆಗೆ ಹೋಗಿ ನೋಡಿ. ಚಿಕ್ಕ ಗಡಿಯಾರದ ಕಡೆಯ ಬಾಗಿಲಿನಿಂದ ಒಳಗೆ ಬಂದರೆ ಸಾಕು, ಮೂಗೇ ದಾರಿ ತೋರಿಸುತ್ತದೆ. ಮಲ್ಲಿಗೆ, ಸೇವಂತಿಗೆ, ಮರುಗ, ಒದ್ದೆ ಬಾಳೆಎಲೆ. ಹೂವನ್ನು ಮೊಳ ಹಾಕುವ ಕೈಗಳು ನಿಲ್ಲುವುದೇ ಇಲ್ಲ. ವೀಳ್ಯದೆಲೆ ಕಟ್ಟುಗಳ ಮೇಲೆ ನೀರು ಚಿಮುಕಿಸುತ್ತಿರುತ್ತಾರೆ. ಸ್ವಲ್ಪ ಮುಂದೆ ಹೋದರೆ ಅರಿಶಿನ, ಕುಂಕುಮ, ರಂಗೋಲಿ ಬಣ್ಣಗಳ ಚೂಪು ಚೂಪು ರಾಶಿಗಳು. ಪ್ರವಾಸಿಗರು ಫೋಟೊ ತೆಗೆಯುವುದು ಅಲ್ಲೇ.

ಈಗ ಒಂದು ನಿಮಿಷ ತಲೆ ಎತ್ತಿ ನೋಡಿ. ಹಗ್ಗಕ್ಕೆ ಕಟ್ಟಿದ ಟಾರ್ಪಾಲಿನ ಸಂದಿಯಲ್ಲಿ ಹಳೇ ಕಮಾನು ಕಾಣುತ್ತದೆ. ಗಾರೆ ಉದುರಿ ಇಟ್ಟಿಗೆ ಹೊರಗೆ ಬಂದಿದೆ. ಗೋಡೆಯ ಮೇಲೆ ನೀರು ಇಳಿದ ಕಪ್ಪು ಪಟ್ಟೆ. ಇಂಥ ಕಟ್ಟಡಗಳ ತಲೆಯ ಮೇಲೆ ಎಲ್ಲಾದರೂ ಒಂದು ಅರಳಿ ಗಿಡ ಇದ್ದೇ ಇರುತ್ತದೆ. ನಾನು ಚಿಕ್ಕಂದಿನಿಂದ ಅಮ್ಮನ ಕೈ ಹಿಡಿದು ಈ ಮಾರುಕಟ್ಟೆಗೆ ಬಂದವನು. ಆದರೆ ಬಹಳ ವರ್ಷ ಮೇಲೆ ನೋಡಿರಲೇ ಇಲ್ಲ. ಕಣ್ಣೆಲ್ಲ ಕೆಳಗಿನ ಬಾಳೆಹಣ್ಣು, ನೇರಳೆಹಣ್ಣಿನ ಮೇಲೆಯೇ ಇರುತ್ತಿತ್ತು.

ಮೇಲೆ ನೋಡುವ ಹಾಗೆ ಮಾಡಿದ್ದು ಎರಡು ದುರಂತಗಳು. 2012ರ ಆಗಸ್ಟ್‌ನಲ್ಲಿ ಮಾರುಕಟ್ಟೆಯ ಪಕ್ಕದಲ್ಲೇ ಇರುವ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ಕು ಜನ ಸತ್ತರು. 2016ರ ಆಗಸ್ಟ್ 28ರಂದು ದೇವರಾಜ ಮಾರುಕಟ್ಟೆಯ ಧನ್ವಂತರಿ ರಸ್ತೆ ಕಡೆಯ ಭಾಗ ಕುಸಿಯಿತು. ಎರಡೂ ಆಗಸ್ಟ್‌ನಲ್ಲೇ, ಎರಡೂ ಮಳೆಗಾಲದಲ್ಲೇ. ಇದು ಆಕಸ್ಮಿಕ ಅಲ್ಲ ಅನ್ನುವುದು ಮುಂದೆ ಗೊತ್ತಾಗುತ್ತದೆ.

ಹಳೇ ಪೇಟೆಯನ್ನು ಉಳಿಸಬೇಕು ಅಂತ ಎಲ್ಲರೂ ಹೇಳುತ್ತೇವೆ. ಅದು ಕೆಡುವುದು ಹೇಗೆ, ಮತ್ತೆ ಚೇತರಿಸಿಕೊಳ್ಳುವುದು ಹೇಗೆ ಅನ್ನುವುದನ್ನು ಮಾತ್ರ ಬಿಡಿಸಿ ನೋಡುವವರು ಕಡಿಮೆ. ಬಣ್ಣ ಹೊಡೆದು, ಕಲ್ಲು ಹಾಸಿ, ಅಲಂಕಾರದ ದೀಪದ ಕಂಬ ನೆಟ್ಟರೆ ಆಯಿತು ಅಂದುಕೊಳ್ಳುತ್ತೇವೆ. ನನ್ನ ಪ್ರಕಾರ ಅದು ಕೊನೆಯ ಕೆಲಸ. ಮೊದಲ ಕೆಲಸ ಇರುವುದು ಸೂರಿನ ಮೇಲೆ ಮತ್ತು ಬಾಡಿಗೆ ರಸೀದಿಯಲ್ಲಿ.

ಪೇಟೆ ಹುಟ್ಟಿದ ಕಾಲ

ಮೈಸೂರಿನ ಈ ಭಾಗ ಹೆಚ್ಚುಕಮ್ಮಿ ಒಂದೇ ತಲೆಮಾರಿನಲ್ಲಿ ರೂಪ ಪಡೆದದ್ದು. ರಂಗಾಚಾರ್ಲು ಪುರಭವನ 1884ರದ್ದು. ಚಿಕ್ಕ ಗಡಿಯಾರ 1886ರಲ್ಲಿ ವೈಸ್‌ರಾಯ್ ಡಫರಿನ್ ಬಂದ ನೆನಪಿಗೆ ಕಟ್ಟಿದ್ದು. 1892ರ ಲ್ಯಾನ್ಸ್‌ಡೌನ್ ಕಟ್ಟಡ ಇನ್ನೊಬ್ಬ ವೈಸ್‌ರಾಯ್ ಭೇಟಿಯ ನೆನಪು. ಮಾರುಕಟ್ಟೆ ಚಾಮರಾಜೇಂದ್ರ ಒಡೆಯರ್ ಕಾಲದ್ದು, ಅದರ ಹೆಸರು ಮಾತ್ರ ಹದಿನೇಳನೇ ಶತಮಾನದ ದೊಡ್ಡ ದೇವರಾಜ ಒಡೆಯರದ್ದು. ದೊಡ್ಡ ಗಡಿಯಾರ ಬಂದದ್ದು ತಡವಾಗಿ, 1927ರಲ್ಲಿ. ಇವೆಲ್ಲ ನಡೆದು ಹೋಗುವಷ್ಟು ಹತ್ತಿರ ಹತ್ತಿರ ಇವೆ. ದಸರಾ ಜಂಬೂಸವಾರಿ ಸಾಗುವ ಸಯ್ಯಾಜಿರಾವ್ ರಸ್ತೆ ಈ ಮಾರುಕಟ್ಟೆಯ ಮುಂದೆಯೇ ಹಾದು ಹೋಗುತ್ತದೆ.

ಒಂದು ವಿಷಯ ಗಮನಿಸಿ. ಇದನ್ನು ಕಟ್ಟಿದವರು ಸ್ಮಾರಕ ಅಂತ ಕಟ್ಟಲಿಲ್ಲ. ಕೆಳಗೆ ಅಂಗಡಿ, ಮುಂದೆ ನೆರಳಿನ ಸಾಲು, ಒಳಗೆ ಗಾಳಿ ಆಡುವ ಓಣಿ. ವ್ಯಾಪಾರಕ್ಕೆ ಅಂತಲೇ ಕಟ್ಟಿದ್ದು. ಹೀಗಾಗಿ ಅರಮನೆಯನ್ನು ಉಳಿಸುವ ಬಗೆ ಬೇರೆ, ಪೇಟೆಯನ್ನು ಉಳಿಸುವ ಬಗೆ ಬೇರೆ. ಅರಮನೆಗೆ ಟಿಕೆಟ್ ಇಡಬಹುದು. ಪೇಟೆ ತನ್ನ ಖರ್ಚನ್ನು ತಾನೇ ದುಡಿದುಕೊಳ್ಳಬೇಕು.

ಒಂದು ಹನಿ ಸೂರಿನಿಂದ ನೆಲಕ್ಕೆ ಬರುವ ದಾರಿ

ಆ ಕಾಲದ ಕಟ್ಟಡಗಳ ತಾರಸಿ ಈಗಿನ ಕಾಂಕ್ರೀಟ್ ತಾರಸಿಯಂತಲ್ಲ. ಅದಕ್ಕೆ ಮದ್ರಾಸ್ ಟೆರೇಸ್ ಅನ್ನುತ್ತಾರೆ. ತೇಗದ ತೊಲೆಗಳನ್ನು ಗೋಡೆಯಿಂದ ಗೋಡೆಗೆ ಇಡುತ್ತಾರೆ. ಅವುಗಳ ಮೇಲೆ ತೆಳು ಇಟ್ಟಿಗೆಗಳನ್ನು ನಿಲ್ಲಿಸಿ, ಓರೆ ಸಾಲಿನಲ್ಲಿ, ಸುಣ್ಣದ ಗಾರೆಯಲ್ಲಿ ಜೋಡಿಸುತ್ತಾರೆ. ಅದರ ಮೇಲೆ ಇಟ್ಟಿಗೆ ಚೂರು ಮತ್ತು ಸುಣ್ಣದ ದಪ್ಪ ಪದರ. ಅದನ್ನು ಮರದ ಹಲಗೆಯಿಂದ ದಿನಗಟ್ಟಲೆ ಬಡಿದು ಬಡಿದು ಗಟ್ಟಿ ಮಾಡುತ್ತಿದ್ದರು. ಸುಣ್ಣಕ್ಕೆ ಬೆಲ್ಲ, ಅಳಲೆಕಾಯಿ ನೀರು ಸೇರಿಸುವ ಪದ್ಧತಿಯೂ ಇತ್ತು. ಕೊನೆಗೆ ಮೇಲೆ ಚಪ್ಪಟೆ ಹೆಂಚು.

ಇಂಥ ತಾರಸಿ ನೂರು ವರ್ಷ ಬಾಳುತ್ತದೆ. ಒಂದೇ ಷರತ್ತು, ನೀರು ನಿಲ್ಲಬಾರದು.

ಈಗ ನೀರು ನಿಂತಿತು ಅಂದುಕೊಳ್ಳಿ. ಮಳೆನೀರಿನ ಕೊಳವೆ ಬಾಯಿಗೆ ಎಲೆ, ಪ್ಲಾಸ್ಟಿಕ್ ಕವರು, ಪಾರಿವಾಳದ ಗರಿ ಸೇರಿ ಕಟ್ಟಿಕೊಂಡಿತು. ತಾರಸಿಯ ಮೂಲೆಯಲ್ಲಿ ಎರಡು ಇಂಚು ನೀರು. ಹೆಂಚಿನ ಸಂದಿಯಿಂದ ನಿಧಾನಕ್ಕೆ ಒಳಗೆ ಇಳಿಯುತ್ತದೆ. ಕೆಳಗಿನ ಅಂಗಡಿಯಲ್ಲಿ ಛಾವಣಿಗೆ ಒಂದು ಕಂದು ಕಲೆ ಕಾಣುತ್ತದೆ. ಅಂಗಡಿಯವರು ಒಬ್ಬ ಮೇಸ್ತ್ರಿಯನ್ನು ಕರೆಸುತ್ತಾರೆ. ಅವರು ಬಂದು ಮೇಲೆ ಸಿಮೆಂಟ್ ಬಳಿದು ಹೋಗುತ್ತಾರೆ.

ಅಸಲಿ ಹಾನಿ ಶುರುವಾಗುವುದು ಇಲ್ಲಿಂದ. ಸುಣ್ಣದ ಗೋಡೆ, ಸುಣ್ಣದ ತಾರಸಿ ಉಸಿರಾಡುತ್ತವೆ. ಒಳಗೆ ಹೋದ ತೇವ ಬಿಸಿಲಿಗೆ ಹೊರಗೆ ಬರುತ್ತದೆ. ಮೇಲೆ ಸಿಮೆಂಟ್ ಮುಚ್ಚಿದರೆ ಆ ದಾರಿ ಕಟ್ಟಿಹೋಗುತ್ತದೆ. ಸಿಮೆಂಟಿಗೆ ಸುಣ್ಣದಷ್ಟು ಬಾಗುವ ಗುಣವೂ ಇಲ್ಲ. ಬಿಸಿಲು ಮಳೆಗೆ ಕೂದಲೆಳೆಯ ಬಿರುಕು ಬಿಡುತ್ತದೆ. ನೀರು ಒಳಗೆ ಹೋಗಬಹುದು, ಹೊರಗೆ ಬರಲಾಗದು. ಆ ತೇವ ಹೋಗಿ ಕೂರುವುದು ತೊಲೆಯ ತುದಿಯಲ್ಲಿ, ಅದು ಗೋಡೆಯೊಳಗೆ ಹೂತಿರುವ ಜಾಗದಲ್ಲಿ. ತೊಲೆಯ ನಡು ನೋಡಿದರೆ ಕಲ್ಲಿನಂತೆ ಗಟ್ಟಿ. ಗೋಡೆಯೊಳಗಿನ ಗೇಣುದ್ದ ಮಾತ್ರ ಒದ್ದೆ ರೊಟ್ಟಿಯಂತೆ ಮೆತ್ತಗಾಗಿರುತ್ತದೆ. ಹೊರಗಿನಿಂದ ಯಾರಿಗೂ ಕಾಣುವುದಿಲ್ಲ.

ಇಷ್ಟರಲ್ಲಿ ಹಕ್ಕಿ ತಂದು ಹಾಕಿದ ಅರಳಿ ಬೀಜ ಪ್ಯಾರಾಪೆಟ್ ಸಂದಿಯಲ್ಲಿ ಮೊಳೆತಿರುತ್ತದೆ. ಬೇರು ತೇವ ಹುಡುಕಿಕೊಂಡು ಗಾರೆಯೊಳಗೆ ಇಳಿಯುತ್ತದೆ. ಗಿಡವನ್ನು ಮೇಲಿನಿಂದ ಕತ್ತರಿಸಿದರೆ ಮತ್ತೆ ಚಿಗುರುತ್ತದೆ. ಬೇರು ದಪ್ಪವಾದಂತೆ ಇಟ್ಟಿಗೆ ಸಾಲುಗಳು ಬೇರೆಯಾಗುತ್ತವೆ. ಆಮೇಲೆ ಒಂದು ಆಗಸ್ಟ್. ನಾಲ್ಕು ದಿನ ಬಿಡದೆ ಜಡಿಮಳೆ. ನೀರು ಕುಡಿದ ಸುಣ್ಣದ ತಾರಸಿಯ ತೂಕ ಜಾಸ್ತಿಯಾಗುತ್ತದೆ. ತೊಲೆಯ ತುದಿ ಕೈಕೊಡುತ್ತದೆ.

ಮೈಸೂರಿನ ಕುಸಿತಗಳಿಗೆ ಇದೊಂದೇ ಕಾರಣ ಅಂತ ನಾನು ಹೇಳುತ್ತಿಲ್ಲ. ಆದರೆ ಇಂಥ ಕಟ್ಟಡಗಳು ಸಾಮಾನ್ಯವಾಗಿ ಸಾಯುವುದು ಹೀಗೆಯೇ. ವಯಸ್ಸಾಯಿತು ಅಂತ ಬೀಳುವುದಕ್ಕಿಂತ, ಸೂರು ನೋಡಿಕೊಳ್ಳುವವರಿಲ್ಲದೆ ಬೀಳುವುದೇ ಹೆಚ್ಚು.

ನೋಡಿಕೊಳ್ಳುವವರು ಯಾಕಿಲ್ಲ?

ಇದಕ್ಕೆ ಉತ್ತರ ಬಾಡಿಗೆಯ ಲೆಕ್ಕದಲ್ಲಿದೆ. ಒಂದು ಉದಾಹರಣೆ ಮಾಡಿಕೊಳ್ಳೋಣ. ಲೆಕ್ಕಕ್ಕೆ ಸುಲಭ ಆಗಲಿ ಅಂತ ಅಂಕಿ ನಾನೇ ಹಾಕುತ್ತೇನೆ. ಒಂದು ಹಳೇ ಕಟ್ಟಡ, ಹತ್ತು ಅಂಗಡಿ. ಎಷ್ಟೋ ವರ್ಷಗಳ ಹಿಂದೆ ಗೊತ್ತುಮಾಡಿದ ಬಾಡಿಗೆ ತಿಂಗಳಿಗೆ 600 ರೂಪಾಯಿ. ವರ್ಷಕ್ಕೆ ಒಟ್ಟು 72,000. ತಾರಸಿ ಬಿಚ್ಚಿ, ಕೆಟ್ಟ ತೊಲೆ ಬದಲಿಸಿ, ಮತ್ತೆ ಸುಣ್ಣದ ಗಾರೆ ಹಾಕಲು 15 ಲಕ್ಷ ಬೇಕು ಅಂದುಕೊಳ್ಳಿ. ಇಪ್ಪತ್ತು ವರ್ಷದ ಬಾಡಿಗೆಯನ್ನು ಪೂರ್ತಿ ಸುರಿದರೂ ಸಾಲುವುದಿಲ್ಲ. ಹೀಗಿರುವಾಗ ಮಾಲೀಕರು ಯಾಕೆ ರಿಪೇರಿ ಮಾಡಿಸುತ್ತಾರೆ? ಕಟ್ಟಡ ಬಿದ್ದರೆ ಬಾಡಿಗೆದಾರರೂ ಹೋಗುತ್ತಾರೆ, ಸೈಟು ಉಳಿಯುತ್ತದೆ. ಪೇಟೆ ನಡುವಿನ ಸೈಟಿನ ಬೆಲೆ ನಿಮಗೆ ಗೊತ್ತೇ ಇದೆ.

ಬಾಡಿಗೆದಾರರ ಕಡೆಯಿಂದ ನೋಡಿ. ಅಜ್ಜನ ಕಾಲದಿಂದ ಅದೇ ಅಂಗಡಿ. ದುಡ್ಡು ಹಾಕಿ ಸೂರು ಸರಿ ಮಾಡಿಸಲು ಮನಸ್ಸಿದೆ. ಆದರೆ ಕಟ್ಟಡ ತಮ್ಮದಲ್ಲ. ನಾಳೆ ಖಾಲಿ ಮಾಡಿ ಅಂದರೆ ಹಾಕಿದ ದುಡ್ಡು ಹೋಯಿತು. ಕೆಲವು ಕಡೆ ಗುಡ್‌ವಿಲ್ ಕೊಟ್ಟು ಅಂಗಡಿ ಕೈ ಬದಲಾಗಿರುತ್ತದೆ, ಒಳಬಾಡಿಗೆ ನಡೆಯುತ್ತಿರುತ್ತದೆ. ಕಾಗದದಲ್ಲಿರುವ ಹೆಸರು ಒಬ್ಬರದು, ಗಲ್ಲಾಪೆಟ್ಟಿಗೆ ಮುಂದೆ ಕೂತವರು ಇನ್ನೊಬ್ಬರು. ನಿಜವಾಗಿ ಕೊಡುವ ಬಾಡಿಗೆ ಜಾಸ್ತಿಯೇ ಇರಬಹುದು, ಆದರೆ ಅದು ಕಟ್ಟಡಕ್ಕೆ ಬರುವುದಿಲ್ಲ. ಕಟ್ಟಡ ಪಾಲಿಕೆಯದೇ ಆಗಿದ್ದರೂ ಲೆಕ್ಕ ಇದೇ. ಮಾಲೀಕರ ಜಾಗದಲ್ಲಿ ಒಂದು ಕಚೇರಿ ಬಂತು, ಅಷ್ಟೇ.

ಇಲ್ಲಿ ಯಾರೂ ಕೆಟ್ಟವರಲ್ಲ. ಎಲ್ಲರೂ ತಮ್ಮ ತಮ್ಮ ಲೆಕ್ಕದಲ್ಲಿ ಸರಿಯಾಗಿಯೇ ಇದ್ದಾರೆ. ಎಲ್ಲರ ಲೆಕ್ಕವೂ ಸೇರಿ ಕಟ್ಟಡ ಬೀಳುತ್ತದೆ. ಹಾಗಾಗಿ ಪೇಟೆಯ ಪುನರುಜ್ಜೀವನ ಅಂದರೆ ಮೊದಲು ಈ ಲೆಕ್ಕವನ್ನು ತಿದ್ದುವುದು. ಅದೇ ಹತ್ತು ಅಂಗಡಿಗೆ 3,000 ರೂಪಾಯಿ ಬಾಡಿಗೆ ಆದರೆ ವರ್ಷಕ್ಕೆ 3 ಲಕ್ಷ 60 ಸಾವಿರ. ಆಗ ತಾರಸಿಯ ಖರ್ಚು ನಾಲ್ಕು ವರ್ಷ ಚಿಲ್ಲರೆಯಲ್ಲಿ ತೀರುತ್ತದೆ. ಬ್ಯಾಂಕಿನವರೂ ಮಾತಾಡುತ್ತಾರೆ. ಆದರೆ ಬಾಡಿಗೆ ಏರಿಸುವ ದಿನವೇ ಬಾಡಿಗೆದಾರರ ಕೈಗೆ ಎರಡು ಕಾಗದ ಕೊಡಬೇಕು. ಒಂದು, ದೀರ್ಘ ಅವಧಿಯ ಕರಾರು. ಇನ್ನೊಂದು, ಈ ಬಾಡಿಗೆಯಲ್ಲಿ ಇಷ್ಟು ಪಾಲು ಈ ಕಟ್ಟಡದ ರಿಪೇರಿಗೇ ಹೋಗುತ್ತದೆ ಅನ್ನುವ ಬರಹ. ಎರಡನೆಯದು ಇಲ್ಲದೆ ಮೊದಲನೆಯದನ್ನು ಯಾರೂ ನಂಬುವುದಿಲ್ಲ, ಅಲ್ವಾ?

ಒಂದು ಸಣ್ಣ ಊರು ಮಾಡಿ ತೋರಿಸಿದ್ದು

ಮೊಬೈಲಿನ ಗೊರಿಲ್ಲಾ ಗ್ಲಾಸ್ ಹೆಸರು ಕೇಳಿದ್ದೀರಲ್ಲ, ಅದನ್ನು ಮಾಡುವ ಕಂಪನಿಗೆ ಕಾರ್ನಿಂಗ್ ಅಂತ ಹೆಸರು. ಅದೇ ಹೆಸರಿನ ಊರು ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿದೆ. ಜನಸಂಖ್ಯೆ ಈಗ ಸುಮಾರು 10,500. ನಮ್ಮ ಲೆಕ್ಕದಲ್ಲಿ ಒಂದು ದೊಡ್ಡ ಹೋಬಳಿ ಊರು. ಹಳೇ ಪೇಟೆಯ ಬಗ್ಗೆ ಮಾತಾಡುವವರು ಈ ಊರಿನ ಹೆಸರನ್ನು ಮತ್ತೆ ಮತ್ತೆ ತರುವುದಕ್ಕೆ ಕಾರಣ ಇದೆ.

ಅಲ್ಲಿನ ಪೇಟೆ ಬೀದಿಯ ಹೆಸರು ಮಾರ್ಕೆಟ್ ಸ್ಟ್ರೀಟ್. ಹತ್ತೊಂಬತ್ತನೇ ಶತಮಾನದ ಇಟ್ಟಿಗೆ ಕಟ್ಟಡಗಳ ಸಾಲು. ಕಾರು ಬಂದ ಮೇಲೆ ಅಮೆರಿಕದ ಎಲ್ಲ ಸಣ್ಣ ಊರುಗಳ ಪೇಟೆಯ ಹಾಗೆ ಇದೂ ಸೊರಗುತ್ತಿತ್ತು. ಆಗಿನ ಫ್ಯಾಷನ್ ಅಂದರೆ ಹಳೇ ಇಟ್ಟಿಗೆ ಮುಖದ ಮೇಲೆ ಅಲ್ಯೂಮಿನಿಯಂ ಹಾಳೆ ಹೊಡೆದು ದೊಡ್ಡ ಬೋರ್ಡು ಹಾಕುವುದು. ನಮ್ಮಲ್ಲಿ ಈಗ ಹಳೇ ಕಮಾನುಗಳನ್ನು ಫ್ಲೆಕ್ಸ್ ಬೋರ್ಡಿನಿಂದ ಮುಚ್ಚುತ್ತೇವಲ್ಲ, ಹಾಗೆಯೇ.

1972ರ ಜೂನ್ 23ರಂದು ಆಗ್ನೆಸ್ ಚಂಡಮಾರುತದ ಮಳೆಗೆ ಚೆಮಂಗ್ ನದಿ ಏರಿ ಬಂತು. ಊರೊಳಗೆ ನೀರು ನುಗ್ಗಿತು. ಜನ ಸತ್ತರು, ಪೇಟೆ ಕೆಸರಿನಲ್ಲಿ ಮುಳುಗಿತು. ಹೇಗೂ ಹಾಳಾಗಿದೆ, ಎಲ್ಲ ಒಡೆದು ಹೊಸದಾಗಿ ಕಟ್ಟೋಣ ಅನ್ನುವುದು ಅಂಥ ಹೊತ್ತಿನಲ್ಲಿ ಸಹಜವಾಗಿ ಬರುವ ಮಾತು. ಊರಿನ ಕೆಲವು ಭಾಗಗಳಲ್ಲಿ ಹಾಗೆಯೇ ಆಯಿತು. ಮಾರ್ಕೆಟ್ ಸ್ಟ್ರೀಟ್ ಮಾತ್ರ ಉಳಿಯಿತು.

ಉಳಿದದ್ದು ಹೇಗೆ ಅನ್ನುವುದೇ ಕಲಿಯಬೇಕಾದ ವಿಷಯ. 1974ರಲ್ಲಿ ಗಾಜಿನ ಕಂಪನಿಯ ಪ್ರತಿಷ್ಠಾನದ ಹಣದಿಂದ ಆ ಒಂದು ಬೀದಿಗೇ ಅಂತ ಒಂದು ಪುಟ್ಟ ಸಂಸ್ಥೆ ಶುರುವಾಯಿತು. ಅದಕ್ಕೆ ನಾರ್ಮನ್ ಮಿಂಟ್ಜ್ ಎಂಬ ಒಬ್ಬರನ್ನು ಪೂರ್ಣಾವಧಿಗೆ ನೇಮಿಸಿದರು. ಅವರ ಕೆಲಸ ಬೀದಿಯಲ್ಲಿ ಓಡಾಡುವುದು, ಅಂಗಡಿಯವರ ಜೊತೆ ಕೂತು ಮಾತಾಡುವುದು, ಅವರ ಕಟ್ಟಡದ ಮುಖ ಹೇಗಿರಬಹುದು ಅಂತ ಬರೆದು ತೋರಿಸುವುದು. ಆ ಸಲಹೆಗೆ ಅಂಗಡಿಯವರು ದುಡ್ಡು ಕೊಡಬೇಕಿರಲಿಲ್ಲ. ಬಲವಂತವೂ ಇರಲಿಲ್ಲ. ಒಬ್ಬರು ಅಲ್ಯೂಮಿನಿಯಂ ಹಾಳೆ ತೆಗೆಸಿದರು. ಒಳಗಿನಿಂದ ಒಳ್ಳೆಯ ಇಟ್ಟಿಗೆ ಕೆಲಸ ಹೊರಬಂತು. ಅದನ್ನು ನೋಡಿ ಪಕ್ಕದವರು ಕೇಳಿದರು. ಹೀಗೆ ಒಂದೊಂದೇ ಕಟ್ಟಡ, ವರ್ಷಗಳ ಕಾಲ. ಆಮೇಲೆ ಇಟ್ಟಿಗೆ ಹಾಸಿದ ಪಾದಚಾರಿ ದಾರಿ, ಮರಗಳು ಬಂದವು. ಹಳೇ ಸಿಟಿ ಹಾಲ್ ಕಟ್ಟಡ ವಸ್ತುಸಂಗ್ರಹಾಲಯ ಆಯಿತು.

ಕಾರ್ನಿಂಗ್‌ಗೆ ಒಂದು ದೊಡ್ಡ ಅನುಕೂಲ ಇತ್ತು. ಊರಲ್ಲೇ ಒಂದು ಶ್ರೀಮಂತ ಕಂಪನಿ. ಅದು ಎಲ್ಲ ಊರಿಗೂ ಸಿಗುವುದಿಲ್ಲ. ಕಂಪನಿ ಇಲ್ಲದ ಊರಲ್ಲೂ ಇದು ನಡೆಯುತ್ತದಾ? ಇದನ್ನು ತಿಳಿಯಲು 1977ರಲ್ಲಿ ಅಮೆರಿಕದ ಪರಂಪರೆ ಸಂರಕ್ಷಣೆಯ ರಾಷ್ಟ್ರೀಯ ಟ್ರಸ್ಟ್ ಮೂರು ಸಣ್ಣ ಊರುಗಳನ್ನು ಆರಿಸಿತು. ಇಲಿನಾಯ್‌ನ ಗೇಲ್ಸ್‌ಬರ್ಗ್, ಇಂಡಿಯಾನಾದ ಮ್ಯಾಡಿಸನ್, ಸೌತ್ ಡಕೋಟಾದ ಹಾಟ್ ಸ್ಪ್ರಿಂಗ್ಸ್. ಮೇರಿ ಮೀನ್ಸ್ ಎಂಬವರು ಇದರ ಮುಂದಾಳು. ಪ್ರತಿ ಊರಿಗೂ ಪೇಟೆಯನ್ನೇ ನೋಡಿಕೊಳ್ಳುವ ಒಬ್ಬ ಪೂರ್ಣಾವಧಿ ಮ್ಯಾನೇಜರ್. ಇದರಿಂದ 1980ರಲ್ಲಿ ಮೇನ್ ಸ್ಟ್ರೀಟ್ ಕೇಂದ್ರ ಹುಟ್ಟಿತು. ಈ ದಾರಿ ಹಿಡಿದ ಊರುಗಳು ಈಗ ಸಾವಿರಕ್ಕೂ ಹೆಚ್ಚು.

ಅವರು ನಾಲ್ಕು ಕೆಲಸಗಳನ್ನು ಒಟ್ಟಿಗೇ ಮಾಡಬೇಕು ಅನ್ನುತ್ತಾರೆ. ಸಂಘಟನೆ, ಪ್ರಚಾರ, ವಿನ್ಯಾಸ, ವ್ಯಾಪಾರಕ್ಕೆ ಬಲ. ಇದರಲ್ಲಿ ಹಬ್ಬ, ಮೇಳದ ಪ್ರಚಾರ ಎಲ್ಲರಿಗೂ ಬರುತ್ತದೆ. ನಮ್ಮಲ್ಲಿ ದಸರಾ ದೀಪಾಲಂಕಾರ ನೋಡಿದ್ದೀರಲ್ಲ. ವಿನ್ಯಾಸಕ್ಕೆ ವಾಸ್ತುಶಿಲ್ಪಿಗಳು ಸಿಗುತ್ತಾರೆ. ಕಷ್ಟ ಇರುವುದು ಮೊದಲನೆಯದು ಮತ್ತು ಕೊನೆಯದು. ಮಾಲೀಕರು, ಬಾಡಿಗೆದಾರರು, ಬೀದಿ ವ್ಯಾಪಾರಿಗಳು, ಪಾಲಿಕೆ, ಪೊಲೀಸ್ ಇವರೆಲ್ಲ ತಿಂಗಳಿಗೆ ಒಮ್ಮೆಯಾದರೂ ಒಂದೇ ಮೇಜಿನ ಸುತ್ತ ಕೂರಬೇಕು. ಯಾವ ಅಂಗಡಿ ಕಡಿಮೆ ಇದೆ, ಯಾವ ಮೇಲ್ಮಹಡಿ ಖಾಲಿ ಬಿದ್ದಿದೆ ಅನ್ನುವ ಪಟ್ಟಿ ಯಾರೋ ಒಬ್ಬರ ಹತ್ತಿರ ಇರಬೇಕು. ಸಂಬಳ ತೆಗೆದುಕೊಂಡು ಇದನ್ನೇ ಮಾಡುವ ಒಬ್ಬರು ಬೇಕು. ಯೋಜನೆ ಬರುತ್ತದೆ, ಮುಗಿಯುತ್ತದೆ. ಗುತ್ತಿಗೆದಾರರು ಬರುತ್ತಾರೆ, ಹೋಗುತ್ತಾರೆ. ಆ ಒಬ್ಬರು ಮಾತ್ರ ಇರಬೇಕು.

ಖಾಲಿ ಮೇಲ್ಮಹಡಿ ಅಂದೆನಲ್ಲ, ಅದರ ಬಗ್ಗೆ ಎರಡು ಮಾತು. ಯಾವುದೇ ಹಳೇ ಪೇಟೆಯಲ್ಲಿ ಸಂಜೆ ನಡೆಯಿರಿ. ಕೆಳಗೆ ದೀಪ, ಮೇಲೆ ಕತ್ತಲು. ಕಿಟಕಿಗೆ ಹಲಗೆ ಹೊಡೆದಿರುತ್ತಾರೆ, ಒಳಗೆ ಗೋಡೌನು. ಹಿಂದೆ ಅಲ್ಲಿ ಸಂಸಾರಗಳಿದ್ದವು, ವಕೀಲರ ಕಚೇರಿ, ಟೈಪಿಂಗ್ ಇನ್‌ಸ್ಟಿಟ್ಯೂಟ್ ಇರುತ್ತಿದ್ದವು. ಮೇಲೆ ಜನ ಇದ್ದರೆ ಸೋರಿಕೆ ಮೊದಲ ದಿನವೇ ಗೊತ್ತಾಗುತ್ತದೆ. ಮೇಲಿನಿಂದಲೂ ಬಾಡಿಗೆ ಬಂದರೆ ಕೆಳಗಿನವರ ಮೇಲಿನ ಹೊರೆ ಇಳಿಯುತ್ತದೆ. ರಾತ್ರಿ ಎಂಟರ ಮೇಲೂ ಬೀದಿಯಲ್ಲಿ ಜನ ಇರುತ್ತಾರೆ. ಮೇಲ್ಮಹಡಿಗೆ ಒಂದು ಬೇರೆ ಮೆಟ್ಟಿಲು, ಒಂದು ಶೌಚಾಲಯ, ಸರಿಯಾದ ವೈರಿಂಗ್ ಕೊಟ್ಟರೆ ಅರ್ಧ ಕೆಲಸ ಆದ ಹಾಗೆ.

ಪಾರ್ಕಿಂಗ್ ಬಗ್ಗೆ ಎಲ್ಲರೂ ಮೊದಲು ಮಾತಾಡುತ್ತಾರೆ. ನಾನು ಕೊನೆಗೆ ಮಾತಾಡುತ್ತೇನೆ. ಅಂಗಡಿ ಮುಂದಿನ ಜಾಗದಲ್ಲಿ ಬೆಳಗ್ಗೆ ಹತ್ತರಿಂದ ರಾತ್ರಿವರೆಗೆ ನಿಲ್ಲುವ ಸ್ಕೂಟರುಗಳಲ್ಲಿ ಎಷ್ಟು ಗಿರಾಕಿಗಳವು, ಎಷ್ಟು ಅಂಗಡಿಯವರವು ಅಂತ ಒಂದು ದಿನ ಎಣಿಸಿ ನೋಡಿ. ಹೊಸ ಪಾರ್ಕಿಂಗ್ ಕಟ್ಟಡದ ಮಾತು ಆಮೇಲೆ ಆಡೋಣ.

ಪುದುಚೇರಿಯ ಜಗಲಿಗಳು

ಅಮೆರಿಕದ ಮಾತು ದೂರದ್ದು ಅನ್ನಿಸಿದರೆ ಪುದುಚೇರಿಗೆ ಬನ್ನಿ. ಅಲ್ಲಿನ ಫ್ರೆಂಚ್ ಬೀದಿಗಳ ಫೋಟೊ ಎಲ್ಲರೂ ನೋಡಿರುತ್ತೀರಿ. ನನಗೆ ಹೆಚ್ಚು ಇಷ್ಟವಾದದ್ದು ಕಾಲುವೆಯ ಈಚೆ ತಮಿಳು ಭಾಗದಲ್ಲಿರುವ ವೈಶ್ಯಾಳ್ ಬೀದಿ. ಮನೆ ಮುಂದೆ ತಿಣ್ಣೈ, ಅಂದರೆ ನಮ್ಮ ಜಗಲಿ. ಅದರ ಮುಂದೆ ಬೀದಿಗೇ ಚಾಚಿದ, ಮರದ ಕಂಬಗಳ ಮೇಲೆ ನಿಂತ ಹೆಂಚಿನ ಮಾಡು. ನಡೆದು ಹೋಗುವವರಿಗೆ ನೆರಳು, ದಣಿದವರಿಗೆ ಕೂರಲು ಜಾಗ.

ಎರಡು ಸಾವಿರದ ದಶಕದ ಮೊದಲ ವರ್ಷಗಳಲ್ಲಿ ಯೂರೋಪಿಯನ್ ಒಕ್ಕೂಟದ ಏಷ್ಯಾ ಅರ್ಬ್ಸ್ ಯೋಜನೆಯ ನೆರವಿನಿಂದ, ಪರಂಪರೆ ಉಳಿಸುವ ಕೆಲಸ ಮಾಡುವ ಇನ್‌ಟ್ಯಾಕ್ ಸಂಸ್ಥೆ ಈ ಬೀದಿಯ ಕೆಲಸ ಕೈಗೆತ್ತಿಕೊಂಡಿತು. ಒಂದು ಮನೆಯನ್ನು ಮಾತ್ರ ಚಂದ ಮಾಡುವ ಬದಲು ಇಡೀ ಬೀದಿಯನ್ನು ಸಾಲಾಗಿ ನೋಡಿದರು. ಮನೆಯವರನ್ನು ಜೊತೆಗೆ ಸೇರಿಸಿಕೊಂಡರು. ಮುಂದಿನ ಗೋಡೆ, ಜಗಲಿ, ಮಾಡು ಇವುಗಳನ್ನು ಹಳೇ ಕ್ರಮದಲ್ಲೇ ಸರಿಮಾಡಿದರು. 2008ರಲ್ಲಿ ಇದಕ್ಕೆ ಯುನೆಸ್ಕೊದ ಏಷ್ಯಾ ಪೆಸಿಫಿಕ್ ಪರಂಪರೆ ಪ್ರಶಸ್ತಿ ಬಂತು. ಹಳೇ ಮನೆ ಅಂದರೆ ಒಡೆಯಬೇಕಾದದ್ದು ಅನ್ನುವ ನಂಬಿಕೆಯನ್ನು ಒಂದು ಬೀದಿ ಬದಲಿಸಬಹುದು ಅನ್ನುವುದಕ್ಕೆ ಇದು ಸಾಕ್ಷಿ.

ಅದೇ ಊರಲ್ಲಿ ಇನ್ನೊಂದು ಕಥೆಯೂ ಇದೆ. ಸಮುದ್ರದ ಎದುರಿನ ಮೇರಿ ಕಟ್ಟಡ, ಅಂದರೆ ಹಳೇ ಪುರಸಭೆ, 2014ರ ನವೆಂಬರ್ ಮಳೆಯಲ್ಲಿ ಕುಸಿಯಿತು. ಆಮೇಲೆ ಅದೇ ಜಾಗದಲ್ಲಿ ಅದೇ ರೂಪದ ಕಟ್ಟಡವನ್ನು ಹೊಸದಾಗಿ ಕಟ್ಟಿದರು. ನೋಡಲು ಚೆನ್ನಾಗಿದೆ. ಇಲ್ಲದಿರುವುದಕ್ಕಿಂತ ಮೇಲು, ನಿಜ. ಆದರೆ ಕುಸಿಯುವ ಮೊದಲೇ ಸೂರು ಸರಿಮಾಡಿದ್ದರೆ ಇಡೀ ಕಟ್ಟಡವನ್ನು ಬುಡದಿಂದ ಕಟ್ಟುವ ಖರ್ಚು ಎಲ್ಲಿರುತ್ತಿತ್ತು?

ದುಡ್ಡು ಎಲ್ಲಿಂದ ಬರಬೇಕು?

ಬಾಡಿಗೆ ತಿದ್ದಿದರೂ ಕೆಲವು ಕಟ್ಟಡಗಳಿಗೆ ದುಡ್ಡು ಸಾಲುವುದಿಲ್ಲ. ಅಂಥವಕ್ಕೆ ಬೇರೆ ಬೇರೆ ಊರುಗಳು ಬೇರೆ ಬೇರೆ ದಾರಿ ಹುಡುಕಿವೆ. ಅಮೆರಿಕದಲ್ಲಿ ಪರಂಪರೆ ಪಟ್ಟಿಯಲ್ಲಿರುವ ಹಳೇ ವಾಣಿಜ್ಯ ಕಟ್ಟಡವನ್ನು ನಿಯಮದ ಪ್ರಕಾರ ರಿಪೇರಿ ಮಾಡಿಸಿದರೆ, ಖರ್ಚಿನ ಶೇ. 20ರಷ್ಟನ್ನು ಮಾಲೀಕರು ತಾವು ಕಟ್ಟಬೇಕಾದ ಕೇಂದ್ರದ ಆದಾಯ ತೆರಿಗೆಯಿಂದ ಕಡಿಮೆ ಮಾಡಿಕೊಳ್ಳಬಹುದು.

ನಮ್ಮಲ್ಲಿ ಅಹಮದಾಬಾದ್ ಬಳಸಿದ ದಾರಿ ಇನ್ನೊಂದು. ಅದಕ್ಕೆ ಅಭಿವೃದ್ಧಿ ಹಕ್ಕು ವರ್ಗಾವಣೆ ಅನ್ನುತ್ತಾರೆ. ಹೆಸರು ಭಾರ, ವಿಷಯ ಸುಲಭ. ನಿಮ್ಮ ಸೈಟಿನಲ್ಲಿ ಕಾನೂನಿನ ಪ್ರಕಾರ ನಾಲ್ಕು ಮಹಡಿ ಕಟ್ಟಬಹುದು. ಆದರೆ ಅಲ್ಲಿರುವುದು ಎರಡು ಮಹಡಿಯ ಹಳೇ ಮನೆ. ಅದನ್ನು ಒಡೆಯಬೇಡಿ ಅಂದರೆ ಎರಡು ಮಹಡಿ ಕಟ್ಟುವ ಅವಕಾಶ ನಿಮಗೆ ನಷ್ಟ. ಆ ಎರಡು ಮಹಡಿಯ ಹಕ್ಕನ್ನು ಒಂದು ಪ್ರಮಾಣಪತ್ರ ಮಾಡಿ ನಿಮ್ಮ ಕೈಗೆ ಕೊಡುತ್ತಾರೆ. ಊರಿನ ಹೊಸ ಬಡಾವಣೆಯಲ್ಲಿ ಹೆಚ್ಚು ಎತ್ತರ ಕಟ್ಟಬೇಕೆನ್ನುವ ಬಿಲ್ಡರ್ ಅದನ್ನು ನಿಮ್ಮಿಂದ ಕೊಳ್ಳುತ್ತಾರೆ. ಆ ದುಡ್ಡಿನಲ್ಲಿ ನಿಮ್ಮ ಮನೆಯ ತೊಲೆ ಬದಲಾಗುತ್ತದೆ. ಅಹಮದಾಬಾದಿನ ಕೋಟೆಯೊಳಗಿನ ಊರು 2017ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಈ ದಾರಿ ಕೆಲಸ ಮಾಡಬೇಕಾದರೆ ಊರಿನ ಹೊಸ ಭಾಗದಲ್ಲಿ ಸೈಟಿಗೆ ಬೇಡಿಕೆ ಇರಬೇಕು. ಮೈಸೂರಿನಲ್ಲಿ ಆ ಬೇಡಿಕೆ ಇದೆ. ಚಾಮರಾಜನಗರದಂಥ ಸಣ್ಣ ಊರಿಗೆ ಇದು ಅಷ್ಟು ಸುಲಭಕ್ಕೆ ಹೊಂದುವುದಿಲ್ಲ. ಅಲ್ಲಿ ನೇರ ಸಹಾಯಧನ, ಕಂದಾಯದಲ್ಲಿ ರಿಯಾಯಿತಿ, ಕಡಿಮೆ ಬಡ್ಡಿಯ ಸಾಲವೇ ಬೇಕು.

ಒಡೆಯಬೇಕಾ, ಉಳಿಸಬೇಕಾ?

ಮೈಸೂರಿನಲ್ಲಿ ಈ ವಾದ ಹೈಕೋರ್ಟಿನವರೆಗೂ ಹೋಗಿದೆ. ಒಂದು ಕಡೆ, ಕಟ್ಟಡಗಳು ರಿಪೇರಿಯ ಹಂತ ದಾಟಿವೆ, ಒಡೆದು ಅದೇ ಶೈಲಿಯಲ್ಲಿ ಕಟ್ಟೋಣ ಅನ್ನುವವರು. ಇನ್ನೊಂದು ಕಡೆ, ದುರಸ್ತಿ ಸಾಧ್ಯ ಅನ್ನುವ ಪರಂಪರೆ ತಜ್ಞರು. ಒಡೆಯಿರಿ ಅನ್ನುವವರನ್ನು ಪರಂಪರೆಯ ಶತ್ರುಗಳು ಅಂತ ನಾನು ಕರೆಯುವುದಿಲ್ಲ. ನಾಲ್ಕು ಜೀವ ಹೋಗಿದೆ. ಆ ಭಯ ನಿಜ.

ಆದರೂ ನಾನು ಉಳಿಸುವವರ ಕಡೆ. ಕಾರಣ ಕಮಾನಿನ ಚಂದ ಒಂದೇ ಅಲ್ಲ. ಲ್ಯಾನ್ಸ್‌ಡೌನ್ ಕಟ್ಟಡದ ಸಾಲಿನಲ್ಲಿ ಹಳೇ ಪುಸ್ತಕದ ಅಂಗಡಿಗಳಿದ್ದವು. ಕಾಲೇಜು ಶುರುವಾದಾಗ ಅರ್ಧ ಬೆಲೆಗೆ ಪಠ್ಯಪುಸ್ತಕ ಸಿಗುತ್ತಿದ್ದ ಜಾಗ. ಯಾರದೋ ಹೆಸರು, ಯಾರದೋ ಅಡಿಗೆರೆ ಇರುವ ಪುಸ್ತಕವನ್ನು ನಾನೂ ಅಲ್ಲಿ ಕೊಂಡಿದ್ದೇನೆ. 2012ರಲ್ಲಿ ಅಂಗಡಿಗಳನ್ನು ಖಾಲಿ ಮಾಡಿಸಿದರು. ಸುರಕ್ಷತೆಗೆ ಅದು ಬೇಕಿತ್ತು. ಆದರೆ ವರ್ಷಗಳು ಕಳೆದವು, ಬಾಗಿಲು ತೆರೆಯಲಿಲ್ಲ. ಕಟ್ಟಡ ಖಾಲಿ ಬಿದ್ದಷ್ಟೂ ಬೇಗ ಹಾಳಾಗುತ್ತದೆ. ಪುಸ್ತಕದಂಗಡಿಯ ಗಿರಾಕಿಗಳು ಬೇರೆ ದಾರಿ ಕಂಡುಕೊಂಡರು. ಈಗ ದೇವರಾಜ ಮಾರುಕಟ್ಟೆಯ ವ್ಯಾಪಾರಿಗಳಿಗೆ ತಾತ್ಕಾಲಿಕವಾಗಿ ಬೇರೆ ಕಡೆ ಹೋಗಿ ಅಂದರೆ ಅವರು ನೋಡುವುದು ಆ ಪಕ್ಕದ ಕಟ್ಟಡವನ್ನೇ. ಅವರ ಅನುಮಾನಕ್ಕೆ ಕಾರಣ ಕಣ್ಣೆದುರೇ ಇದೆ.

ಹಾಗಾಗಿ ಇಡೀ ಮಾರುಕಟ್ಟೆಯನ್ನು ಒಮ್ಮೆಗೇ ಖಾಲಿ ಮಾಡಿಸಬಾರದು. ಒಂದು ಸಾಲು ಅಂಗಡಿ ತೆಗೆದುಕೊಳ್ಳಿ. ಅವರಿಗೆ ಪಕ್ಕದಲ್ಲೇ, ಗಿರಾಕಿ ಕಣ್ಣಿಗೆ ಬೀಳುವಷ್ಟು ಹತ್ತಿರ, ತಾತ್ಕಾಲಿಕ ಜಾಗ ಕೊಡಿ. ಇಂಥ ಅಂಗಡಿ ಇಂಥವರಿಗೇ ವಾಪಸ್ ಅಂತ ನಂಬರ್ ಸಮೇತ ಬರೆದುಕೊಡಿ. ಆ ಸಾಲಿನ ತಾರಸಿ, ಗೋಡೆ, ಚರಂಡಿ, ವೈರಿಂಗ್ ಸರಿಮಾಡಿ ಅವರನ್ನು ವಾಪಸ್ ಕೂರಿಸಿ. ಆಮೇಲೆ ಎರಡನೇ ಸಾಲಿಗೆ ಕೈ ಹಾಕಿ. ಇದು ನಿಧಾನ. ಗುತ್ತಿಗೆದಾರರಿಗೆ ಕಷ್ಟ. ಆದರೆ ಮೊದಲ ಸಾಲಿನವರು ವಾಪಸ್ ಬಂದು ಕೂತ ದಿನ ಎರಡನೇ ಸಾಲಿನವರನ್ನು ಒಪ್ಪಿಸುವ ಕೆಲಸ ಅರ್ಧ ಆಗಿರುತ್ತದೆ. ನಿಜವಾಗಿಯೂ ಉಳಿಯದ ಭಾಗ ಇದ್ದರೆ ಅದನ್ನು ಬಿಚ್ಚಿ ಮತ್ತೆ ಕಟ್ಟಬಹುದು. ಆ ಮಾತನ್ನು ಸಾಲು ಸಾಲಾಗಿ, ತೊಲೆ ತೊಲೆಯಾಗಿ ಪರೀಕ್ಷೆ ಮಾಡಿದ ಮೇಲೆ ಹೇಳಬೇಕು.

ಗೆದ್ದ ಮೇಲಿನ ಅಪಾಯವೂ ಒಂದಿದೆ. ಪೇಟೆ ಚಂದ ಆಯಿತು, ಜನ ಬಂದರು, ಸೈಟಿನ ಬೆಲೆ ಏರಿತು. ಹೂವಿನವರು, ವೀಳ್ಯದೆಲೆಯವರು ಕೊಡಲಾಗದ ಬಾಡಿಗೆಯನ್ನು ಒಂದು ಕೆಫೆ ಕೊಡುತ್ತದೆ. ಪುದುಚೇರಿಯ ಸಮುದ್ರದ ಕಡೆಯ ಬೀದಿಗಳಲ್ಲಿ ಹೋಟೆಲು, ಕೆಫೆಗಳೇ ಸಾಲಾಗಿ ಬಂದಿರುವುದನ್ನು ನೋಡಿದರೆ ಇದು ಗೊತ್ತಾಗುತ್ತದೆ. ಕೆಫೆ ಬೇಡ ಅಂತಲ್ಲ. ಆದರೆ ಮೈಸೂರು ಮಲ್ಲಿಗೆ, ಮೈಸೂರು ವೀಳ್ಯದೆಲೆ, ನಂಜನಗೂಡು ರಸಬಾಳೆ ಮೂರಕ್ಕೂ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಇದೆ. ಮೂರನ್ನೂ ಜನ ಹುಡುಕಿಕೊಂಡು ಬರುವ ಜಾಗ ಈ ಮಾರುಕಟ್ಟೆ. ಅವುಗಳ ಕಟ್ಟೆಗೆ ಮೊದಲೇ ಜಾಗ ಕಾಯ್ದಿಟ್ಟು, ಬೇರೆ ಬಾಡಿಗೆ ದರ ಗೊತ್ತುಮಾಡಬೇಕು. ಮಾರುಕಟ್ಟೆ ಸಾರ್ವಜನಿಕರ ಸ್ವತ್ತು ಆಗಿರುವುದರ ದೊಡ್ಡ ಅನುಕೂಲ ಇದೇ. ಖಾಸಗಿ ಮಾಲೀಕರಿಗೆ ಇದನ್ನು ಹೇಳಲಾಗದು. ಪಾಲಿಕೆಗೆ ಹೇಳಬಹುದು.

ಇಷ್ಟೆಲ್ಲ ಆಗಲು ವರ್ಷಗಳು ಬೇಕು. ಕೋರ್ಟು, ಟೆಂಡರು, ಕರಾರು ಎಲ್ಲಕ್ಕೂ ಅವುಗಳದೇ ಸಮಯ ಇದೆ. ಆದರೆ ಒಂದು ಕೆಲಸಕ್ಕೆ ಯಾವ ಯೋಜನೆಯೂ ಬೇಡ. ನಿಮ್ಮ ಊರಿನ ಪೇಟೆಯಲ್ಲೂ ಮಾಡಬಹುದು. ಮೇ ಕೊನೆಯ ವಾರ, ಮುಂಗಾರು ಇನ್ನೂ ಬಂದಿರುವುದಿಲ್ಲ. ಇಬ್ಬರು ಆಳು, ಒಂದು ಏಣಿ, ಒಂದು ಪೊರಕೆ, ನಾಲ್ಕು ಗೋಣಿಚೀಲ. ಭಾರ ತಡೆಯುವ ತಾರಸಿ ಯಾವುದು ಅಂತ ತಿಳಿದವರು ಮೊದಲು ನೋಡಿ ಹೇಳಿರಬೇಕು. ಮೇಲೆ ಹತ್ತಿ ಎಲೆ, ಕವರು, ಗರಿ ಗುಡಿಸಿ ಚೀಲಕ್ಕೆ ತುಂಬುತ್ತಾರೆ. ಪ್ರತಿ ಕೊಳವೆಗೂ ಒಂದು ಕೊಡ ನೀರು ಸುರಿದು, ಕೆಳಗಿನಿಂದ ಬಂತಾ ಅಂತ ಕೂಗಿ ಕೇಳುತ್ತಾರೆ. ಪ್ಯಾರಾಪೆಟ್ ಸಂದಿಯಲ್ಲಿ ಹೋದ ವರ್ಷ ಮೊಳೆತ ಅರಳಿ ಗಿಡ ಇನ್ನೂ ಗೇಣುದ್ದ ಇರುತ್ತದೆ. ಅದನ್ನು ಕತ್ತರಿಸದೆ, ಸುತ್ತಲಿನ ಗಾರೆಯನ್ನು ಮೆತ್ತಗೆ ಕೆದಕಿ, ಬೇರು ಸಮೇತ ಎಳೆದು ತೆಗೆಯುತ್ತಾರೆ. ಆ ತೂತಿಗೆ ಒಂದು ಹಿಡಿ ಸುಣ್ಣದ ಗಾರೆ ಒತ್ತುತ್ತಾರೆ, ಸಿಮೆಂಟ್ ಅಲ್ಲ. ಮಧ್ಯಾಹ್ನದ ಊಟದ ಹೊತ್ತಿಗೆ ಒಂದು ಸಾಲಿನ ತಾರಸಿ ಮುಗಿದಿರುತ್ತದೆ.